ಕುಡಿದಿಲ್ಲ, ಬರೀ ಮುಟ್ಟಿದ್ದು

ನನ್ನ ತಮ್ಮ ಲೈನಸ್‌ನ ಬಾಯಿ ಅಂದ್ರೆ ಬಾಯಿ. ಮೆಣಸಿನ ತೋಟದಲ್ಲಿ ನಿಂತು ಅವನು ನಮ್ಮ ನಾಯಿನ ಬೈದರೆ ಹೊಳೆಯಾಚೆ ಊರಿನ ನಾಯಿ ಬಾಲ ಮುದುರ್ಕೊಂಡು ಕೂರ್ತಿತ್ತು. ನಮ್ಮದು ಉದ್ದಮನೆ. ಒಂದೇ ಮಾಡು, ಉದ್ದಕ್ಕೂ ಒಂದೇ ಬಿದಿರ ಜಗಲಿ, ಸಾಲಾಗಿ ಹದಿಮೂರು ಬಾಗಿಲು, ಬಾಗಿಲಿಗೊಂದು ಸಂಸಾರ. ಆ ತುದಿಯ ಮೊದಲನೇ ಬಾಗಿಲು ಅವನದು. ಈ ತುದಿಯ ಕೊನೇದು ನನ್ನದು, ಅದರ ಪಕ್ಕದಲ್ಲೇ ಸ್ನಾನದ ನಲ್ಲಿ. ದಿನಾ ಬೆಳಿಗ್ಗೆ ಟವೆಲ್ಲು ಹೆಗಲಿಗೆಸೆದು ನಲ್ಲಿಗೆ ಹೊರಟ ಅಂದ್ರೆ ದಾರಿಯುದ್ದಕ್ಕೂ ಬಾಗಿಲಿಗೊಂದರಂತೆ ಬೈಗುಳ ಹಂಚ್ಕೊಂಡು ಬರ್ತಿದ್ದ. "ಏಳ್ರೋ ಸೋಮಾರಿಗಳಾ! ಸೂರ್ಯ ಏನು ನಿಮ್ಮಪ್ಪನ ಮನೆ ಆಳಾ, ನಿಮಗೋಸ್ಕರ ಕಾಯೋಕೆ?" ಅವನು ಇನ್ನೂ ತನ್ನ ಹೊಸ್ತಿಲಲ್ಲೇ ಇರ್ತಿದ್ದ, ಆ ಕೂಗು ಕೇಳಿ ನಾನು ಈ ತುದಿಯಲ್ಲಿ ಕಾಫಿಗೆ ನೀರಿಡ್ತಿದ್ದೆ.

ಅಂಥವನಿಗೆ ನಾಲ್ಕು ವರ್ಷದ ಹಿಂದೆ ಮೂಗಿನ ಹಿಂದೆ, ಗಂಟಲು ಶುರುವಾಗೋ ಜಾಗದಲ್ಲಿ, ಕ್ಯಾನ್ಸರ್ ಆಯ್ತು. ಸರವಾಕ್ ಸೀಮೆಯ ನಮ್ಮ ಬಿದಾಯು ಜನಕ್ಕೆ ಈ ಹಾಳು ರೋಗ ಕರೀದೇ ಬರೋ ನೆಂಟ. ಯಾವ ಊರಿಗೆ ಹೋಗಿ ನೋಡಿ, ಒಂದಲ್ಲ ಒಂದು ಮನೆಯಲ್ಲಿ ಚಾಪೆ ಹಾಕ್ಕೊಂಡು ಕೂತಿರತ್ತೆ. ಕುಚಿಂಗ್ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಮುಖಕ್ಕೆ, ಕತ್ತಿಗೆ ಕರೆಂಟು ಕೊಟ್ಟರು. ಬಾಯೆಲ್ಲ ಬೆಂದುಹೋಯ್ತು. ಎಂಜಲು ನುಂಗೋಕೂ ಆಗ್ತಿರಲಿಲ್ಲ. ಮೂಗಿನಲ್ಲಿ ನಳಿಗೆ ಹಾಕಿ ಅದರಲ್ಲೇ ಹಾಲು ಬಿಡ್ತಿದ್ವಿ.

ಇಲ್ಲಿ ನಿಮಗೆ ಪುನಿ ವಿಷಯ ಹೇಳ್ಬೇಕು. ಯಾರಾದ್ರೂ ತಿನ್ನೋಕೆ ಕುಡಿಯೋಕೆ ಕೊಟ್ಟಾಗ ಬೇಡ ಅಂತ ಎದ್ದು ಹೋದ್ರೆ ಪುನಿ ಬಡಿಯತ್ತೆ. ದಾರಿಯಲ್ಲಿ ಹಾವೋ, ಚೇಳೋ, ಮೊಸಳೆಯೋ ಕಾದ್ಕೊಂಡಿರತ್ತೆ. ಹೊಟ್ಟೆ ಬಿರಿಯೋ ಹಾಗೆ ತಿಂದಿದ್ರೂ ಸರಿ, ಕೊಟ್ಟಿದ್ದಕ್ಕೆ ಒಂದು ಬೆರಳು ಮುಟ್ಟಿಸಿ ತುಟಿಗೆ ಒತ್ಕೊಂಡು ಹೋಗ್ಬೇಕು. ಮೂಢನಂಬಿಕೆ ಅಂತ ನೀವು ನಗ್ಬಹುದು. ನಮ್ಮ ಸೋದರಮಾವನೂ ನಕ್ಕಿದ್ದ. ಅವತ್ತೇ ಹಲಸಿನಂಥ ಮುಳ್ಳುಮುಳ್ಳಿನ ದುರಿಯನ್ ಹಣ್ಣು ನೆತ್ತಿ ಮೇಲೆ ಬಿತ್ತು. ಬದುಕಿದ, ಆದ್ರೆ ಸಾಯೋವರೆಗೂ ಯಾರು ಏನು ಕೊಟ್ರೂ ತಟ್ಟೆ ನೆಕ್ಕಿ ಕೊಡ್ತಿದ್ದ.

ಲೈನಸ್ ನಳಿಗೆ ಹಾಕ್ಕೊಂಡಿದ್ದ ಆ ದಿನಗಳಲ್ಲಿ ಉದ್ದಮನೆಯವರು ಯಾರೂ ಕೊಡೋದು ನಿಲ್ಲಿಸಲಿಲ್ಲ. ಉಣ್ಣೋಕಾಗಲ್ಲ ಅಂತ ಎಲ್ಲರಿಗೂ ಗೊತ್ತು. ಆದ್ರೂ ಪ್ರತಿ ಬಾಗಿಲಲ್ಲೂ ಒಂದು ಬಟ್ಟಲು ಹಿಡಿದು ನಿಲ್ಲೋರು. ಅವನು ಕೋಲೂರ್ಕೊಂಡು ಬರೋನು, ಒಂದೊಂದು ಬಟ್ಟಲಿಗೂ ಬೆರಳು ಅದ್ದೋನು, ಸುಟ್ಟ ತುಟಿಗೆ ಮುಟ್ಟಿಸ್ಕೊಳ್ಳೋನು, ತಲೆ ಆಡಿಸಿ ಮುಂದಿನ ಬಾಗಿಲಿಗೆ. ಇಡೀ ಮೈಯಲ್ಲಿ ಅವನ ಬೆರಳೊಂದೇ ಊಟ ಮಾಡ್ತಿತ್ತು. ಕೊಡೋದು ನಿಲ್ಲಿಸಿದ್ರೆ ಅವನು ಹೋದ ಅಂತ ನಾವೇ ಒಪ್ಪಿಕೊಂಡ ಹಾಗೆ, ಅಲ್ವಾ? ಅದಕ್ಕೇ ಕೊಟ್ಟರು.

ಬದುಕಿದ. ರೋಗ ಹೋಯ್ತು, ಆಸ್ಪತ್ರೆಗೆ ಅಲೆಯೋದು ಹೋಗಲಿಲ್ಲ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೆ, ಆಮೇಲೆ ಆರಕ್ಕೆ. ವ್ಯಾನು ಓಡಿಸೋಳು ನಾನು, ಪಕ್ಕದಲ್ಲಿ ಕೂತು ಎದುರಿಗೆ ಬರೋ ಲಾರಿಗಳನ್ನೆಲ್ಲ ಬೈಯೋನು ಅವನು. ಅಲ್ಲಿ ಕಾಯೋ ಜಾಗ ಒಂದು ಮಜಾ. ಕರೆಂಟು ಕೊಟ್ಟ ಮೇಲೆ ಎಂಜಲು ಬತ್ತಿಹೋಗತ್ತಲ್ಲ, ಹಾಗಾಗಿ ಎಲ್ಲರ ಮಡಿಲಲ್ಲೂ ನೀರಿನ ಬಾಟ್ಲಿ. ದವಡೆ ಬೇರೆ ಬಿಗ್ಕೊಂಡುಬಿಡತ್ತೆ, ಅದಕ್ಕೆ ಐಸ್‌ಕ್ರೀಂ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತುರುಕಿ ಬಾಯಿ ಅಗಲ ಮಾಡ್ಕೋಬೇಕು. ಅಲ್ಲಿ ಯಾರೂ ಯಾರನ್ನೂ ಚೆನ್ನಾಗಿದೀರಾ ಅಂತ ಕೇಳಲ್ಲ. "ಎಷ್ಟು ಕಡ್ಡಿ?" ಅಂತಾರೆ.

"ಹದಿನೇಳು," ಅಂದಿದ್ದ ಒಂದ್ಸಲ ಒಬ್ಬ ಚೀನೀ ಅಂಗಡಿಯವನು, ಎದೆ ಉಬ್ಬಿಸ್ಕೊಂಡು.

"ಹತ್ತೊಂಬತ್ತು," ಅಂದ ನನ್ನ ತಮ್ಮ. "ಅದೂ ಬೈತಾ ಬೈತಾ."

ಇಷ್ಟೆಲ್ಲ ಚೆನ್ನಾಗಿ ನಡೀತಿತ್ತು. ಹೋದ ಕ್ರಿಸ್‌ಮಸ್ ಕಳೆದ ಮೇಲೆ ಅವನ ಬಾಯಿ ಮೆತ್ತಗಾಯ್ತು.

ಮೊದಮೊದಲು ನಾನು ಖುಷಿಪಟ್ಟೆ. ಮನೆಯಲ್ಲಿ ಶಾಂತಿ ಅಂತ ಒಂದಿದೆ ಅಂತ ಆಗಲೇ ಗೊತ್ತಾಗಿದ್ದು. ಆಮೇಲೆ ನೋಡ್ತೀನಿ, ಉರಿಬಿಸಿಲಲ್ಲಿ ಉಣ್ಣೆ ಟೋಪಿ ಹಾಕ್ಕೊಂಡು ಕೂತಿದಾನೆ. ಮುಖ ಊದ್ಕೊಂಡಿದೆ. ಚರ್ಚಿನಲ್ಲಿ ಹಾಡು ಶುರುವಾಗೋಕೆ ಮುಂಚೆನೇ ನಿದ್ದೆ. ಸ್ವರ ಒಡೆದು, ಹಳೇ ಬಾಗಿಲು ಕಿರುಗುಟ್ಟಿದ ಹಾಗೆ. ಒಂದು ಬೈಗುಳ ಶುರುಮಾಡಿದ್ರೆ ಅದು ಮುಗಿಯೋದರೊಳಗೆ ಬೈಸ್ಕೊಳ್ಳೋನು ಮನೆಗೆ ಹೋಗಿರ್ತಿದ್ದ. ಬಂತು, ಆ ಹಾಳು ರೋಗ ಮತ್ತೆ ಬಂತು ಅನ್ಕೊಂಡೆ. ಹೊರಗೆ ಮಾತ್ರ, "ಲೋ ಸೋಂಬೇರಿ, ತಿಂದು ತಿಂದು ಹಂದಿ ಆಗಿದೀಯ!" ಅಂತ ಬೈದೆ. ಬೈದರೆ ತಿರುಗಿಸಿ ಬೈತಾನೇನೋ ಅಂತ ಆಸೆ. ಬೈಯಲಿಲ್ಲ. "ಹೂಂ ಅಕ್ಕ," ಅಂದ. ಆ "ಹೂಂ" ಕೇಳಿ ಒಳಗೆ ಹೋಗಿ ಅತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಯೋಗನ್ ಮೂಗಿನೊಳಗೆ ಆ ಎರೆಹುಳದಂಥ ಕ್ಯಾಮೆರಾ ಇಳಿಸಿ ನೋಡಿದ್ರು. ಕತ್ತು ಒತ್ತಿ ಒತ್ತಿ ನೋಡಿದ್ರು. ಸಮುದ್ರದಾಚೆ ಪೆರಾಕ್ ಕಡೆಯ ಹುಡುಗ, ನಮ್ಮ ಸರವಾಕ್‌ಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೇ ಮನುಷ್ಯ, ನಗು ಕಮ್ಮಿ. "ಒಳಗೆ ಏನೂ ಕಾಣಿಸ್ತಿಲ್ಲ," ಅಂದ್ರು. ರಕ್ತದಲ್ಲಿ ಸಿಕ್ಕಿತು. ಕತ್ತಿಗೆ ಕರೆಂಟು ಕೊಟ್ಟವರಿಗೆ ಎಷ್ಟೋ ವರ್ಷ ಆದಮೇಲೆ ಥೈರಾಯಿಡ್ ಗ್ರಂಥಿ ಮಲಗಿಬಿಡತ್ತಂತೆ. ಅದು ಮಲಗಿದ್ರೆ ಮನುಷ್ಯನೂ ಮಲಗಿದ ಹಾಗೆ. ಒಂದು ಪುಟಾಣಿ ಮಾತ್ರೆ ಕೊಟ್ಟರು. ಎದ್ದ ತಕ್ಷಣ ಖಾಲಿ ಹೊಟ್ಟೆಗೆ ನೀರಲ್ಲಿ ನುಂಗ್ಬೇಕು, ಆಮೇಲೆ ಒಂದು ಗಂಟೆ ಏನೂ ಕೂಡದು. ಅದರಲ್ಲೂ ಹಾಲು, ಕಾಫಿ ಸುತರಾಂ ಕೂಡದು.

"ಅಷ್ಟೇನಾ?" ಅಂದೆ. ಇಷ್ಟು ದೊಡ್ಡ ಭಯಕ್ಕೆ ಇಷ್ಟು ಚಿಕ್ಕ ಮಾತ್ರೆಯಾ ಅಂತ ನಂಗೆ ಒಂಥರಾ ಅವಮಾನವೇ ಆಯ್ತು.

ಎರಡು ತಿಂಗಳಾದರೂ ಟೋಪಿ ಇಳೀಲಿಲ್ಲ. ಡಾಕ್ಟ್ರು ಮಾತ್ರೆ ಜಾಸ್ತಿ ಮಾಡಿದ್ರು. ಖಾಲಿ ಹೊಟ್ಟೆಗೇ ತಗೋತಿದೀರಾ ಅಂತ ಕೇಳಿದ್ರು. ಹೌದು ಅಂದ. ಆಮೇಲೆ ಕಾಫಿ ಕುಡೀತೀರಾ? ಇಲ್ಲ ಅಂದ, ಯೇಸುವಾಣೆಗೂ ಇಲ್ಲ ಅಂದ. ನನ್ನ ತಮ್ಮ ಬೈತಾನೆ, ಸುಳ್ಳು ಹೇಳಲ್ಲ. ನಾನೂ ಹೌದೌದು ಅಂತ ತಲೆ ಆಡಿಸಿದೆ.

ಮೇ ತಿಂಗಳು ಬಂತು, ಸುಗ್ಗಿಯ ಗವಾಯ್ ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಅಕ್ಕಿ ಹೆಂಡ ಹುದುಗಿಗೆ ಹಾಕಿದ್ರು. ಆಸ್ಪತ್ರೆಗೆ ಹೋಗೋ ದಿನ ಲೈನಸ್ ವ್ಯಾನು ಹತ್ತಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟ.

"ಹಬ್ಬ ಮುಗೀಲಿ ಅಕ್ಕ," ಅಂದ. "ಮಾತ್ರೆ ಜಾಸ್ತಿ ಮಾಡಿದ ಮೇಲಾದ್ರೂ ವಾಸಿ ಆಗ್ಬೇಕಿತ್ತು. ಆಗಿಲ್ಲ ಅಂದ್ರೆ ಬೇರೆ ಏನೋ ಇದೆ. ಅದು ಏನು ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಹಬ್ಬದ ಊಟ ಒಂದು ನೆಮ್ಮದಿಯಾಗಿ ಮಾಡ್ತೀನಿ, ಆಮೇಲೆ ಹೇಳ್ಲಿ."

"ನಿನ್ನ ತಲೆ! ಏಳೋ ಮೇಲೆ."

"ಸಾಕಾಗಿದೆ ಅಕ್ಕ."

"ನಂಗೆ ಸಾಕಾಗಿಲ್ಲ ಕಣೋ!" ಅಂತ ಕಿರುಚಿದೆ, ಕೋಳಿಗಳೆಲ್ಲ ಹಾರಿದ್ವು. "ಅಮ್ಮ ನಿನ್ನ ನನ್ನ ಸೊಂಟದ ಮೇಲೆ ಕೂರಿಸಿ ಹೋದಳು, ಇನ್ನೂ ಇಳಿಸಿಲ್ಲ ನಾನು. ಹತ್ತೋ ವ್ಯಾನು!"

ಹತ್ತಿದ. ಕುಚಿಂಗ್‌ವರೆಗೂ ಒಂದೇ ಒಂದು ಲಾರಿಯನ್ನೂ ಬೈಯಲಿಲ್ಲ.

ಅವತ್ತಿನ ಕ್ಯಾಮೆರಾದಲ್ಲೂ ಏನೂ ಕಾಣಿಸಲಿಲ್ಲ. ರಕ್ತ ಮಾತ್ರ ಇನ್ನೂ ಕೆಟ್ಟಿತ್ತು. ಡಾಕ್ಟರ್ ಯೋಗನ್ ಕಾಗದ ನೋಡ್ತಾ, ಇವನ ಮುಖ ನೋಡ್ತಾ, ಮತ್ತೆ ಕಾಗದ ನೋಡ್ತಾ ಕೂತ್ರು. "ಇಷ್ಟು ಮಾತ್ರೆಗೆ ಆನೆ ಎದ್ದು ಕುಣೀಬೇಕಿತ್ತು," ಅಂದ್ರು. "ಒಂದು ಸ್ಕ್ಯಾನ್ ಮಾಡಿಸೋಣ. ಎಲ್ಲಾದ್ರೂ ಅಡಗಿದೆಯಾ ನೋಡ್ಬೇಕು."

ಲೈನಸ್ ಟೋಪಿ ತೆಗೆದು ತೊಡೆ ಮೇಲಿಟ್ಕೊಂಡ. ನಂಗೆ ಏನು ಮಾಡ್ಬೇಕೋ ತೋಚಲಿಲ್ಲ. ಏನೂ ತೋಚದಿದ್ರೆ ನಾನು ತಿಂಡಿ ಕೊಡ್ತೀನಿ. ಚೀಲದಿಂದ ಸುಂಗ್ಕೋಯ್ ತೆಗೆದೆ, ಎಲೆಯಲ್ಲಿ ಸುತ್ತಿ ತೆಂಗಿನ ಹಾಲಲ್ಲಿ ಬೇಯಿಸಿದ ಅಂಟಕ್ಕಿ ಕಡುಬು, ಬೆಳಗಿನ ಜಾವ ಎದ್ದು ಮಾಡಿದ್ದು.

"ತಗೊಳ್ಳಿ ಡಾಕ್ಟ್ರೇ."

"ಈಗ ಬೇಡಮ್ಮ, ಈಗಷ್ಟೇ ಊಟ ಆಯ್ತು," ಅಂದ್ರು ಅವರು, ಬರೀತಾನೇ.

ಲೈನಸ್ ಬೆಚ್ಚಿಬಿದ್ದ. ಐದು ತಿಂಗಳಲ್ಲಿ ಅವನ ಮುಖದಲ್ಲಿ ಜೀವ ನೋಡಿದ್ದು ಅವತ್ತೇ. "ಡಾಕ್ಟ್ರೇ, ಹಾಗನ್ಬೇಡಿ! ಸಾಯಂಕಾಲ ಕಾರು ಓಡಿಸ್ಕೊಂಡು ಹೋಗಲ್ವಾ ನೀವು? ಮುಟ್ಟಿ, ಮೊದಲು ಮುಟ್ಟಿ!"

ಪಕ್ಕದಲ್ಲಿದ್ದ, ನಮ್ಮ ಹಾಗೇ ಉದ್ದಮನೆಯವಳಾದ ಇಬಾನ್ ಜನದ ನರ್ಸಮ್ಮನೂ, "ಮುಟ್ಟಿಬಿಡಿ ಡಾಕ್ಟ್ರೇ, ಪುನಿ ಬಡಿಯತ್ತೆ," ಅಂದ್ಳು. ಡಾಕ್ಟ್ರು ನಗ್ತಾ ಕಿರುಬೆರಳ ತುದಿ ಕಡುಬಿಗೆ ತಾಗಿಸಿ ತುಟಿ ಹತ್ರ ತಂದ ಹಾಗೆ ಮಾಡಿದ್ರು. "ಸರೀನಾ?"

"ಇದೇನು ಮುಟ್ಟೋದು?" ಅಂದ ನನ್ನ ತಮ್ಮ ತಾತ್ಸಾರದಿಂದ. "ನೊಣ ಕೂತೆದ್ದ ಹಾಗೆ. ಕೊಟ್ಟೋರಿಗೆ ಬೇಜಾರಾಗಲ್ವಾ? ಮುಟ್ಟೋದು ಅಂದ್ರೆ ಹಿಂಗೆ." ಮೇಜಿನ ಮೇಲೆ ಡಾಕ್ಟ್ರ ಕಾಫಿ ಇತ್ತು, ಗಟ್ಟಿಹಾಲು ಹಾಕಿದ್ದು. ಅದನ್ನ ಎತ್ತಿ, ಬೆರಳು ಅದ್ದಿ ತುಟಿಗೊತ್ತಿ, ಆಮೇಲೆ ಸೊರ್ರ್ ಅಂತ ಒಂದು ಗುಟುಕು ಎಳೆದು, ಲೋಟ ಕೆಳಗಿಟ್ಟು ಬಾಯೊರೆಸ್ಕೊಂಡ. "ನೋಡಿ. ಮುಟ್ಟಿದ ಹಾಗೂ ಆಯ್ತು, ಮರ್ಯಾದೆನೂ ಆಯ್ತು."

ಡಾಕ್ಟ್ರ ಪೆನ್ನು ನಿಂತುಬಿಡ್ತು.

"ಲೈನಸ್," ಅಂದ್ರು ಮೆಲ್ಲಗೆ, "ಮಾತ್ರೆ ನುಂಗಿದ ಮೇಲೆ, ಬೆಳಿಗ್ಗೆ, ಯಾರಾದ್ರೂ ಕಾಫಿ ಕೊಡ್ತಾರಾ?"

"ಕೊಡದೆ ಏನು! ನಲ್ಲಿಗೆ ಹೋಗೋ ದಾರಿ, ಎಲ್ಲರೂ ಜಗಲಿಯಲ್ಲೇ ಕೂತಿರ್ತಾರೆ. ಆದ್ರೆ ನಾನು ಕುಡಿಯಲ್ಲ. ನೀವು ಬೇಡ ಅಂದಿದೀರಲ್ಲ. ಬರೀ ಮುಟ್ತೀನಿ."

"ಹಿಂಗೇ ಮುಟ್ತೀರಾ?"

"ಮತ್ತೆ ಹೆಂಗೆ?"

"ಎಷ್ಟು ಮನೆಯಲ್ಲಿ?"

ಲೈನಸ್ ಬೆರಳು ಮಡಚಿ ಎಣಿಸೋಕೆ ಶುರುಮಾಡಿದ. ಎರಡೂ ಕೈ ಸಾಕಾಗದೆ ನನ್ನ ಮುಖ ನೋಡಿದ. ಹನಿಗೂಡಿದರೆ ಹಳ್ಳ ಅಂತಾರಲ್ಲ, ಹಾಗೆ ದಿನಾ ಬೆಳಿಗ್ಗೆ ಎರಡು ದೊಡ್ಡ ಲೋಟ ಹಾಲು ಹಾಕಿದ ಕಾಫಿ ಆ ಪಾಪದ ಮಾತ್ರೆ ಮೇಲೆ ಸುರೀತಿತ್ತು. ಕೊನೇ ಗುಟುಕು ನನ್ನ ಬಾಗಿಲಲ್ಲೇ, ನನ್ನ ಕೈಯಿಂದಲೇ. ನಂಗೂ ಅದು ಕುಡಿಯೋದು ಅಂತ ಒಂದು ದಿನಕ್ಕೂ ಅನಿಸಿರಲಿಲ್ಲ ನೋಡಿ. ಮುಟ್ಟೋದು ಮುಟ್ಟೋದೇ, ಕುಡಿಯೋದು ಕುಡಿಯೋದೇ. ನಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ.

ನರ್ಸಮ್ಮ ಗೋಡೆ ಕಡೆ ತಿರುಗಿ ಭುಜ ಕುಲುಕಿಸ್ತಿದ್ಳು. ನಗು ಕಮ್ಮಿ ಅಂದೆನಲ್ಲ ಆ ಡಾಕ್ಟ್ರು, ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು ನಕ್ಕರು. ಆಮೇಲೆ ಮಾತ್ರೆಯನ್ನ ಮೊದಲಿನಷ್ಟಕ್ಕೇ ಇಳಿಸಿ, ಎರಡು ತಿಂಗಳು ಸರಿಯಾಗಿ ತಗೊಂಡು ಬನ್ನಿ ಅಂದ್ರು. ಸ್ಕ್ಯಾನ್ ಮಾತ್ರ ಬಿಡಲಿಲ್ಲ. "ಇದೇ ಕಾರಣ ಅಂತ ನಂಗೂ ಅನಿಸತ್ತೆ ಅಮ್ಮ. ಆದ್ರೂ ನೋಡಿಬಿಡೋಣ," ಅಂದ್ರು. ಆ "ಆದ್ರೂ" ನನ್ನ ಜೊತೆ ವ್ಯಾನಿನಲ್ಲಿ ಊರಿಗೆ ಬಂತು.

ಅವತ್ತು ಸಂಜೆ ಜಗಲಿಯಲ್ಲಿ ಪಂಚಾಯ್ತಿ. ನಾನು ಎದ್ದು ನಿಂತು, ನಾಳೆಯಿಂದ ಯಾರೂ ಲೈನಸ್‌ಗೆ ಬೆಳಿಗ್ಗೆ ಕಾಫಿ ಕೊಡಕೂಡದು ಅಂದೆ. ಅಬ್ಬಬ್ಬಾ, ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯ್ತು.

"ಎದುರಿಗೆ ಮನುಷ್ಯ ಹೋಗ್ತಿದ್ರೆ ನಾನೊಬ್ಬಳೇ ಕುಡೀಲಾ? ನಾನೇನು ನಾಯಿನಾ?" ಅಂತ ಎದ್ದಳು ನ್ಯಾನೆನ್ ಅಜ್ಜಿ. ಉದ್ದಮನೆಗೇ ಹಿರೀ ತಲೆ ಅವಳು, ಏಳನೇ ಬಾಗಿಲು.

"ಕುಡಿದ್ರೆ ಅವನ ಮಾತ್ರೆ ಕೆಲಸ ಮಾಡಲ್ಲ ಅಜ್ಜಿ."

"ಆ ವರ್ಷ ಇವನಿಗೆ ದಿನಾ ಗಂಜಿ ಹಿಡ್ಕೊಂಡು ನಿಂತಿದ್ದೆ ಕಣೇ ಸುನೆಪ್. ಬೆರಳು ಬಿಟ್ರೆ ಇನ್ನೇನೂ ಅದರಲ್ಲಿ ಇಳೀಲಿಲ್ಲ. ಮೊದಲ್ನೇ ಸಲ ಒಂದು ಗುಟುಕು ನುಂಗಿದ್ನಲ್ಲ, ಅವತ್ತು ನನ್ನ ಬಾಗಿಲಲ್ಲೇ ನುಂಗಿದ್ದು. ಈಗ ಕೊಡಬೇಡ ಅಂತೀಯಾ?" ಅಜ್ಜಿ ಅಳೋಕೆ ಶುರುಮಾಡಿದ್ಳು. ಲೈನಸ್ ಟೋಪಿಯನ್ನ ಕಣ್ಣಿನವರೆಗೂ ಎಳ್ಕೊಂಡ.

ಕೊನೆಗೆ ದಾರಿ ಹುಡುಕಿದ್ದೂ ಅಜ್ಜಿನೇ. ಮೂಗು ಸೀಟಿ ಉಟ್ಟ ಬಟ್ಟೆಯಂಚಿನಲ್ಲಿ ಒರೆಸ್ಕೊಂಡು, "ಯಾರ ಕೈಯಲ್ಲೂ ಲೋಟ ಇಲ್ಲದಿದ್ರೆ ಪುನಿ ಎಲ್ಲಿಂದ ಬರತ್ತೆ?" ಅಂದ್ಳು. "ಇವನ ಗಂಟೆ ಮುಗಿಯೋವರೆಗೂ ಯಾರ ಮನೆಯಲ್ಲೂ ಒಲೆ ಹಚ್ಚೋದು ಬೇಡ. ಹದಿಮೂರು ಮನೆಗೂ ಕಾಫಿ ಇಲ್ಲ. ಗಂಟೆ ಮುಗಿದ ತಕ್ಷಣ ಅವನೇ ಕೂಗಿ ಹೇಳ್ಲಿ. ಮೊದಲೆಲ್ಲ ಕೂಗ್ತಿರಲಿಲ್ವಾ?"

ಕಾಫಿ ಇಲ್ಲದ ಉದ್ದಮನೆ ನೀವು ನೋಡಿಲ್ಲ. ಮೊದಲ ಬೆಳಿಗ್ಗೆ ಗಂಡಸರೆಲ್ಲ ಜಗಲಿಯಲ್ಲಿ ಬರಿಗೈ ಇಟ್ಕೊಂಡು, ಸಾವಿನ ಮನೆಗೆ ಬಂದವರ ಹಾಗೆ ಸಾಲಾಗಿ ಕೂತಿದ್ರು. ನಾನು ಈ ತುದಿಯಲ್ಲಿ ಬೆಂಕಿಪೊಟ್ಟಣ ಹಿಡಿದು ಕಿವಿ ನೆಟ್ಟಗೆ ಮಾಡ್ಕೊಂಡು ನಿಂತೆ. ಏನೂ ಕೇಳಲಿಲ್ಲ. ಎಷ್ಟೋ ಹೊತ್ತಾದಮೇಲೆ ಹನ್ನೆರಡನೇ ಮನೆಯವಳು ಬಂದು, "ಒಲೆ ಹಚ್ಚಬಹುದಂತೆ," ಅಂದ್ಳು. ಅವಳಿಗೆ ಹನ್ನೊಂದನೆಯವಳು ಹೇಳಿದ್ದು, ಅವಳಿಗೆ ಹತ್ತನೆಯವಳು. ಅವನು ಕೂಗಿದ್ದು ಎರಡನೇ ಬಾಗಿಲಿಗೆ ಮಾತ್ರ ಕೇಳಿಸಿತ್ತಂತೆ. ಅದೂ ಪೂರ್ತಿ ಅಲ್ಲ.

ಅಲ್ಲಿಂದ ಇಡೀ ಉದ್ದಮನೆಗೆ ಅದೊಂದೇ ಮಾತು. ಇವತ್ತು ಎಲ್ಲಿವರೆಗೆ? ಮೂರನೇ ಬಾಗಿಲು. ಗವಾಯ್ ಹಬ್ಬದ ದಿನ ಐದು. ಏಳನೇ ಬಾಗಿಲಿಗೆ ಬಂದ ದಿನ ನ್ಯಾನೆನ್ ಅಜ್ಜಿ ಜಗಲಿ ಮೇಲೆಲ್ಲ ಓಡಾಡಿ ಹೇಳಿದ್ಳು, "ನನ್ನ ಮುದಿಕತ್ತೆ ಅಂದ ಕಣ್ರೇ! ಸ್ಪಷ್ಟವಾಗಿ ಕೇಳಿಸ್ತು, ಮುದಿಕತ್ತೆ!" ಅಂತ, ಯಾರೋ ಕೊರಳಿಗೆ ಹಾರ ಹಾಕಿದ ಹಾಗೆ. ಅದರ ನಡುವೆ ಸ್ಕ್ಯಾನ್ ಮಾಡಿಸಿ ಬಂದ್ವಿ. ಅದರಲ್ಲಿ ಏನು ಬಂತು ಅಂತ ಮುಂದಿನ ಸಲ ಹೇಳ್ತೀವಿ ಅಂದಿದ್ರು. ಎಂಟನೇ ಬಾಗಿಲಲ್ಲಿ ಅವನ ಸ್ವರ ವಾರಗಟ್ಟಲೆ ನಿಂತುಬಿಡ್ತು. ನಾನು ನಿದ್ದೆ ಬಿಟ್ಟೆ. ಟೋಪಿ ತೆಗೆದಿದಾನೆ, ಮುಖದ ಊತ ಇಳಿದಿದೆ ಅಂತ ಎಲ್ಲರೂ ಹೇಳಿದ್ರು. ಹೇಳ್ಲಿ. ಅವನ ಕೂಗು ನನ್ನ ಕಿವಿಗೆ ಬಿದ್ದಿರಲಿಲ್ಲವಲ್ಲ.

ಮತ್ತೆ ಆಸ್ಪತ್ರೆಗೆ ಹೋಗೋ ದಿನ ಬಂತು. ಕಡುಬು ರಾತ್ರಿಯೇ ಬೇಯಿಸಿಟ್ಟಿದ್ದೆ. ಬೆಳಿಗ್ಗೆ ಬೇಗ ಎದ್ದು ವ್ಯಾನಿಗೆ ನೀರು ಹಾಕಿ, ಕಾಫಿ ಒಲೆ ಮುಂದೆ ಸುಮ್ಮನೆ ಕೂತೆ. ಹನ್ನೆರಡನೆಯವಳು ಬಂದು ಹೇಳ್ಲಿ ಅಂತ ಕಾಯ್ತಿದ್ದೆ. ಸ್ಕ್ಯಾನಿನಲ್ಲಿ ಏನಿದೆಯೋ ದೇವರೇ ಅಂತ ಒಂದೇ ಸಮ ಬೇಡ್ಕೊಳ್ತಿದ್ದೆ.

"ಅಕ್ಕಾ! ಏಯ್ ಸುನೆಪ್ ಮುದುಕೀ! ಒಲೆ ಹಚ್ತೀಯೋ, ಇಲ್ಲಾ ಅಲ್ಲೇ ಬೇರು ಬಿಟ್ಯೋ? ಹದಿಮೂರು ಮನೆ ಬಾಯಾರಿ ಸಾಯ್ತಿದೆ, ಮಹಾರಾಣಿಗೆ ಇನ್ನೂ ಬೆಳಗಾಗಿಲ್ಲ!"

ಆ ತುದಿಯಿಂದ. ಅವನ ಹೊಸ್ತಿಲಿಂದ. ನಡುವೆ ಯಾರ ಬಾಯಿಯೂ ಇಲ್ಲ.

ನಾಯಿಗಳು ಬೊಗಳಿದ್ವು. ಜಗಲಿಯುದ್ದಕ್ಕೂ ಎಲ್ಲರೂ ಎದ್ದು ನನ್ನ ಬಾಗಿಲ ಕಡೆಗೇ ತಿರುಗಿ ನೋಡಿದ್ರು, ಇವಳಿಗೆ ಕೇಳಿಸ್ತಾ ಅಂತ. ಬೆಂಕಿಕಡ್ಡಿ ಗೀರೋಕೆ ಹೋದೆ, ಪೊಟ್ಟಣವೇ ಕೆಳಗೆ ಬಿತ್ತು. ಅಲ್ಲೇ ನೆಲದ ಮೇಲೆ ಕೂತು ಗೊಳೋ ಅಂತ ಅತ್ತೆ. ಆಮೇಲೆ ಎದ್ದು ಬಾಗಿಲಿಗೆ ಬಂದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ: "ಕೇಳಿಸ್ತೋ ಹಾಳಾದವನೇ! ಸತ್ತವರನ್ನೂ ಎಬ್ಬಿಸ್ತೀಯೇನೋ, ಬಾಯಿ ಮುಚ್ಚೋ!"

ಮುಚ್ಚಲಿಲ್ಲ. ಬೈತಾನೇ ಬಂದ, ಪ್ರತಿ ಬಾಗಿಲಲ್ಲೂ ಕಾಫಿ ಮುಟ್ಕೊಂಡು. ಆಮೇಲೆ ಕುಚಿಂಗ್ ದಾರಿಯುದ್ದಕ್ಕೂ ಒಂದು ಲಾರಿನೂ ಬಿಡಲಿಲ್ಲ.

ಮಧ್ಯಾಹ್ನ ಡಾಕ್ಟರ್ ಯೋಗನ್ ಸ್ಕ್ಯಾನಿನಲ್ಲಿ ಏನೂ ಇಲ್ಲ, ರಕ್ತವೂ ಸರಿಹೋಗಿದೆ ಅಂದ್ರು. ಅಳ್ತೀನೇನೋ ಅಂತ ನನ್ನ ಕಡೆ ಕಾಗದದ ಕರವಸ್ತ್ರ ಸರಿಸಿದ್ರು. ನಾನು ಬೆಳಿಗ್ಗೆನೇ ಅತ್ತು ಮುಗಿಸಿದ್ದೆ. ಚೀಲ ಬಿಚ್ಚಿ ಕಡುಬು ಮುಂದಿಟ್ಟೆ. ಅವರು ಬೇಡ ಅನ್ನದೆ ಎಲೆ ಬಿಡಿಸಿ, ಮೂರು ತಿಂದ್ರು.